ಭಾನುವಾರಕ್ಕೆ ಬಿಡುವಿಲ್ಲ

9 ಫೆಬ್ರವರಿ 1992

ಅತ್ತಿಗೆ,

ಈ ದೂರದ ಊರಿಗೆ ಬಂದು ನಾಲ್ಕು ತಿಂಗಳಾಯಿತು. ತಲುಪಿದೆ ಎಂಬ ಒಂದು ಕಾರ್ಡು ಬಿಟ್ಟರೆ ನಿಮಗೆ ಏನೂ ಬರೆದಿಲ್ಲ. ಬೈದುಕೊಂಡಿರುತ್ತೀರಿ. ಬೈಯಿರಿ, ಆದರೆ ಕಾರಣ ಕೇಳಿ ಆಮೇಲೆ ಬೈಯಿರಿ. ನನಗೆ ಇಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ.

ಕೆಲಸ ಅದೇ, ಹಲ್ಲು ಕಟ್ಟುವುದು. ಅಣ್ಣ ನಮ್ಮಿಬ್ಬರಿಗೂ ಕಲಿಸಿದ್ದೇ ಇಲ್ಲೂ ಅನ್ನ ಹಾಕುತ್ತಿದೆ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಪ್ಲಾಸ್ಟರಿನ ಅಚ್ಚು ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಸೆಟ್ಟು ಮಾಡಿ ಹಿಂದಕ್ಕೆ ಕಳಿಸುತ್ತೇವೆ. ನಮ್ಮ ಅಂಗಡಿಯಲ್ಲಿ ನೀವು ಮತ್ತು ನಾನು, ಇಬ್ಬರೇ. ಇಲ್ಲಿ ಹನ್ನೊಂದು ಜನ. ಒಬ್ಬೊಬ್ಬರ ಮೇಜಿಗೂ ಮೂರು ಕಡೆ ಹಲಗೆಯ ಮರೆ, ಒಂದು ದೀಪ, ಧೂಳು ಎಳೆಯಲು ಒಂದು ಕೊಳವೆ. ನನ್ನ ಕೋಣೆ ನಾಲ್ಕನೇ ಮಹಡಿಯಲ್ಲಿ. ಕಿಟಕಿ ತೆಗೆದರೆ ಎದುರು ಕಟ್ಟಡದ ಗೋಡೆ, ಆದರೆ ಬೆಳಕಿಗೇನೂ ಕೊರತೆಯಿಲ್ಲ.

ಹೊರಡುವ ದಿನ ಬಾಗಿಲಲ್ಲಿ ನಿಂತು ನಾನಾಡಿದ ಮಾತು ನಿಮಗೆ ನೆನಪಿದ್ದೇ ಇರುತ್ತದೆ. ‘ಅಣ್ಣ ಹೋದ್ಮೇಲೆ ಮೂರು ವರ್ಷ ಈ ಹಲ್ಲುಗಳ ಮುಖ ನೋಡ್ಕೊಂಡು ಕೂತಿದೀನಿ. ಸಾಕು. ನಂಗೆ ಜನ ಬೇಕು’ ಅಂದಿದ್ದೆ. ‘ಹಾಗಾದ್ರೆ ನಾನು ಜನ ಅಲ್ವೇನೇ?’ ಎಂದು ನೀವು ಕೇಳಲಿಲ್ಲ. ನನ್ನ ಬುತ್ತಿಯ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಒತ್ತಿ ನೋಡಿದಿರಿ. ಆ ಮಾತಿಗೆ ಕ್ಷಮೆ ಕೇಳಬೇಕೆಂದೇ ಕಾಗದ ತೆಗೆದೆ. ಆದರೆ ನೋಡಿ, ಇಲ್ಲಿ ನನಗೆ ನಿಜವಾಗಿಯೂ ಜನ ಸಿಕ್ಕಿದ್ದಾರೆ.

ಮೊದಲು ಪರಿಚಯವಾದವರು ಒಬ್ಬ ಮೇಷ್ಟರು, ನಿವೃತ್ತರು. ಪೈಪು ಯಾವಾಗಲೂ ಬಾಯಿಯ ಎಡ ಮೂಲೆಯಲ್ಲೇ, ಊಟವೆಲ್ಲ ಬಲಗಡೆಗೆ. ಎರಡನೆಯವಳು ಬಟ್ಟೆ ಹೊಲಿಯುವವಳು. ನನ್ನದೇ ವಯಸ್ಸು, ನಲವತ್ತೊಂದು. ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಾಳೆ. ಬೈದೆ. ಕೇಳಬೇಕಲ್ಲ! ಅವರಿಬ್ಬರಿಂದ ನನ್ನ ಭಾನುವಾರಗಳೆಲ್ಲ ತುಂಬಿಹೋಗಿವೆ. ಇನ್ನೂ ಇಬ್ಬರಿದ್ದಾರೆ, ಅವರ ವಿಷಯ ಮುಂದೆ ಬರೆಯುತ್ತೇನೆ.

ಅಂಗಡಿ ಹೇಗಿದೆ? ನನ್ನ ಮೇಜು ಹಾಗೇ ಇದೆಯೇ?

ನಿಮ್ಮ ನಾದಿನಿ


15 ಮಾರ್ಚ್ 1992

ಪಟಾಕಿ,

ನಿಮ್ಮಣ್ಣ ಇಟ್ಟ ಹೆಸರಿನಲ್ಲೇ ಕರೆಯುತ್ತೇನೆ, ಅಷ್ಟು ದೂರ ಹೋಗಿ ಬೇರೆ ಹೆಸರಾಗಿದ್ದರೆ ತಿಳಿಸು. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬಾಗಿಲಲ್ಲಿ ನೀನು ಏನೋ ಅಂದೆಯಂತೆ, ನನಗೇನೂ ನೆನಪಿಲ್ಲ. ಅವತ್ತು ನನ್ನ ಗಮನವೆಲ್ಲ ಡಬ್ಬಿಯ ಮೇಲಿತ್ತು.

ಮೇಷ್ಟರ ಸಂಗತಿ ಓದಿ ನಗು ಬಂತು. ಪೈಪು ಸೇದುವವರ ಬಟ್ಟೆಯಲ್ಲೆಲ್ಲ ಕಿಡಿ ಬಿದ್ದ ತೂತು ಇರುತ್ತದೆ, ಇವರಿಗೂ ಇದೆಯೇ? ಆ ಹೊಲಿಗೆಯವಳ ಹತ್ತಿರ ಒಂದು ಬೆಚ್ಚನೆಯ ಅಂಗಿ ಹೊಲಿಸಿಕೋ. ಎಲ್ಲರೂ ಕೂತು ಒಂದು ಫೋಟೋ ತೆಗೆಸಿ ಕಳಿಸು.

ಅಂಗಡಿಯ ಕೆಲಸ ಸಲೀಸಾಗಿ ನಡೆಯುತ್ತಿದೆ. ಮೊನ್ನೆ ವಕೀಲರ ಹೆಂಡತಿ ಹೊಸ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿ, ‘ಅಯ್ಯೋ, ಥೇಟು ನಮ್ಮತ್ತೆ ನಕ್ಕ ಹಾಗಿದೆ, ಬೇಡ ತೆಗೀರಿ’ ಅಂತ ಬಿಚ್ಚಿ ಕೈಗೆ ಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಇಂಥ ತಕರಾರು ಇದೇ ಮೊದಲು. ನಿನ್ನ ಮೇಜಿನ ಮೇಲೆ ಪ್ಲಾಸ್ಟರಿನ ಚೀಲ ಇಟ್ಟಿದ್ದೇನೆ, ಜಾಗ ಸುಮ್ಮನೆ ಯಾಕೆ ಬಿಡಬೇಕು. ನನಗೆ ಒಂಟಿ ಅನ್ನಿಸುವುದಿಲ್ಲ, ಆ ಚಿಂತೆ ನಿನಗೆ ಬೇಡ. ನೀನು ಖುಷಿಯಾಗಿದ್ದೀಯಲ್ಲ, ನನಗೆ ಅಷ್ಟೇ ಸಾಕು.

ಅತ್ತಿಗೆ


20 ಏಪ್ರಿಲ್ 1992

ಅತ್ತಿಗೆ,

ಕಾಗದ ಸೇರಿತು. ಬಸ್ಸಿನಲ್ಲಿ ಕೂತು ಬರೆದಿರೇನು? ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ನನಗೆ ನಾಲ್ಕು ಸಾಲು ಬರೆಯಲು ಒಂದು ಕಡೆ ನೆಟ್ಟಗೆ ಕೂರಲೂ ನಿಮಗೆ ಬಿಡುವಿಲ್ಲ ಅಂತಾಯಿತು. ಒಳ್ಳೆಯದೇ, ಅಂಗಡಿ ಅಷ್ಟು ಚೆನ್ನಾಗಿ ನಡೆಯುತ್ತಿದೆ. ನನ್ನ ಮೇಜೂ ಉಪಯೋಗಕ್ಕೆ ಬಂತು.

ಹೋದ ಭಾನುವಾರ ನನ್ನ ಗೆಳೆಯರು ನಾಲ್ವರೂ ಒಂದೇ ಮೇಜಿನ ಸುತ್ತ ಸೇರಿದ್ದರು. ಕಹಳೆ ಊದುವವನೊಬ್ಬ ಇದ್ದಾನೆ, ವಾದ್ಯವೃಂದದವನು, ಮೂವತ್ತೈದು ವರ್ಷ. ಊದಿ ಊದಿ ಮುಂದಿನ ಹಲ್ಲು ಒಳಕ್ಕೆ ಬಾಗಿವೆ. ಇನ್ನೊಬ್ಬಳು ಅಜ್ಜಿ, ರೈಲ್ವೆಯಲ್ಲಿ ಟಿಕೆಟ್ ಕೊಡುತ್ತಿದ್ದವಳು. ಅದೆಷ್ಟು ಸಿಟ್ಟು ನುಂಗಿದ್ದಾಳೋ, ನಿದ್ದೆಯಲ್ಲಿ ಹಲ್ಲು ಕಡಿದೂ ಕಡಿದೂ ಎಲ್ಲ ಸಮತಟ್ಟು. ಮೇಷ್ಟರು ಮತ್ತು ಅಜ್ಜಿ ಒಬ್ಬರಿಗೊಬ್ಬರು ಹೊಂದುವುದಿಲ್ಲ, ಅವರನ್ನು ಆಚೆ ತುದಿ ಈಚೆ ತುದಿಗೆ ಕೂರಿಸಿದೆ. ನಾನೇ ಎಲ್ಲರಿಗೂ ಮಾತು ಹಚ್ಚಬೇಕು. ನಾನಿಲ್ಲದಿದ್ದರೆ ಅವರು ತುಟಿ ಪಿಟಕ್ಕೆನ್ನುವ ಪೈಕಿ ಅಲ್ಲ. ಸಂಜೆಯಾದದ್ದೇ ತಿಳಿಯಲಿಲ್ಲ.

ಫೋಟೋ ತೆಗೆದೆವು, ರೀಲು ಹಾಳಾಯಿತು.

ಎಲ್ಲ ಮುಗಿದು ಕೋಣೆಗೆ ಬಂದಮೇಲೆ ಮೆಟ್ಟಿಲಲ್ಲಿ ಯಾರದಾದರೂ ಹೆಜ್ಜೆ ಸದ್ದು ಕೇಳಿದರೆ ಎದ್ದು ನಿಂತುಬಿಡುತ್ತೇನೆ. ಹೆಜ್ಜೆ ಮೂರನೇ ಮಹಡಿಯಲ್ಲೇ ನಿಲ್ಲುತ್ತದೆ. ಯಾಕೆ ಬರೆದೆನೋ ಗೊತ್ತಿಲ್ಲ, ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ.

ನಾದಿನಿ


28 ಜೂನ್ 1992

ಪಟಾಕಿ,

ತಡವಾಯಿತು. ನೀನು ಅಷ್ಟು ಜನರ ನಡುವೆ ಇರುವಾಗ ನನ್ನ ಕಾಗದಕ್ಕೇನು ಅವಸರ ಅಂದುಕೊಂಡೆ.

ಒಂದು ವಿಷಯ. ನಮ್ಮ ಡಾಕ್ಟರು ಈಗ ಹೊಸ ಕಡೆಗೆ ಕೆಲಸ ಕಳಿಸಬೇಕೆಂದಿದ್ದಾರೆ, ಅಲ್ಲಿ ಎಲ್ಲ ಮೆಷಿನ್ನು. ನನ್ನ ತವರಿನ ಅಣ್ಣನೂ ‘ಒಬ್ಬಳೇ ಯಾಕೆ ಒದ್ದಾಡ್ತೀಯ, ಬಂದು ಇದ್ದುಬಿಡು’ ಅಂತ ಕರೆಯುತ್ತಿದ್ದಾನೆ. ಅಂಗಡಿ, ಹಿಂದಿನ ಎರಡು ಕೋಣೆ, ಎಲ್ಲದರ ಬಾಡಿಗೆ ಕರಾರೂ ನಿಮ್ಮಣ್ಣ ಹೋದಮೇಲೆ ನಮ್ಮಿಬ್ಬರ ಹೆಸರಿಗೇ ಇದೆಯಲ್ಲ. ಬಿಟ್ಟುಕೊಡುವುದಾದರೆ ನಿನ್ನ ಸಹಿಯೂ ಬೇಕು. ಮಾಲೀಕರಿಗೆ ಸೆಪ್ಟೆಂಬರ್ ಕೊನೆಯೊಳಗೆ ಹೇಳಬೇಕಂತೆ. ಪತ್ರ ಇದರೊಳಗೇ ಇಟ್ಟಿದ್ದೇನೆ.

ನಿನಗೆ ಬೇಡ ಅನ್ನಿಸಿದರೆ ಬೇಡ ಅಂತ ಒಂದು ಮಾತು ಬರೆ, ನಾನು ಹೇಗೋ ನಡೆಸಿಕೊಂಡು ಹೋಗುತ್ತೇನೆ. ನಿನ್ನನ್ನು ಕಟ್ಟಿಹಾಕಲು ಇದನ್ನು ಹೇಳುತ್ತಿಲ್ಲ. ಅಲ್ಲಿ ನಿನ್ನ ಜೀವನ ಚೆನ್ನಾಗಿ ಕುದುರಿದೆ.

ಆ ಅಜ್ಜಿ ನಿದ್ದೆಯಲ್ಲಿ ಹಲ್ಲು ಕಡಿಯುವುದು ನಿನಗೆ ಹೇಗೆ ಗೊತ್ತು? ಅವಳ ಮನೆಯಲ್ಲಿ ಉಳಿದುಕೊಳ್ಳುವಷ್ಟು ಸಲಿಗೆಯೇ?

ಅತ್ತಿಗೆ


30 ಆಗಸ್ಟ್ 1992

ಅತ್ತಿಗೆ,

ಪತ್ರಕ್ಕೆ ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ.

ನೀವು ತೀರ್ಮಾನ ಮಾಡಿಯೇ ಬರೆದಿದ್ದೀರಿ, ನನ್ನನ್ನು ಕೇಳುವುದು ಶಾಸ್ತ್ರಕ್ಕೆ. ತವರಿಗೆ ಹೋಗುವವರನ್ನು ಬೇಡ ಅನ್ನಲು ನಾನ್ಯಾರು? ಅಣ್ಣ ಇದ್ದಾಗ ನಾನು ನಿಮಗೆ ನಾದಿನಿ. ಈಗ ಏನಾಗಬೇಕೋ ನನಗೆ ತಿಳಿಯದು. ನನ್ನ ಸಾಮಾನು ಅಂತ ಏನೂ ಇಲ್ಲ, ಇದ್ದರೆ ಯಾರಿಗಾದರೂ ಕೊಟ್ಟುಬಿಡಿ.

ಎರಡು ತಿಂಗಳು ಉತ್ತರ ಬರೆಯದ್ದಕ್ಕೆ ನನ್ನ ಓಡಾಟವೇ ಕಾರಣ, ಬೇರೆ ಏನೂ ಅಲ್ಲ. ಅಂತೂ ಈಗ ಅದೂ ಕಡಿಮೆಯಾಯಿತು. ಮೇಷ್ಟರು, ಹೊಲಿಗೆಯವಳು, ಕಹಳೆಯವನು, ಅಜ್ಜಿ, ನಾಲ್ವರೂ ಒಂದೇ ವಾರದಲ್ಲಿ ಹೋಗಿಬಿಟ್ಟರು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಿ ನೋಡಿದರೆ ಒಬ್ಬರೂ ಇಲ್ಲ. ಯಾರೂ ನನಗೆ ಮೊದಲೇ ಹೇಳಲಿಲ್ಲ. ಅವತ್ತು ನನ್ನ ಕೈಯಲ್ಲಿ ಎರಡು ಸೆಟ್ಟು ಕೆಟ್ಟವು, ಮೇಲಿನವನು ಗದರಿಸಿದ. ಬೇರೆಯವರು ಸಿಗುತ್ತಾರೆ ಬಿಡಿ, ಇಲ್ಲಿ ಜನಕ್ಕೇನು ಬರ.

ನಾದಿನಿ


4 ಅಕ್ಟೋಬರ್ 1992

ಪಟಾಕಿ,

ಇದನ್ನು ಬರೆಯಲು ಐದು ದಿನ ಹಿಡಿಯಿತು. ಯಾಕೆಂದು ಆಮೇಲೆ ಹೇಳುತ್ತೇನೆ, ಮೊದಲು ನಿನ್ನ ವಿಷಯ ಮುಗಿಸೋಣ.

ಅಂಗಡಿಯ ಬೀಗದ ಕೈ ಕೊಡುವ ಹಿಂದಿನ ದಿನ ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಓದಿದೆ. ಬಿಡಿಬಿಡಿಯಾಗಿ ಓದಿದಾಗ ಕಾಣದ್ದು ಒಟ್ಟಿಗೆ ಓದಿದಾಗ ಕಂಡಿತು. ಮೇಷ್ಟರು ಯಾವ ಕಡೆ ಅಗಿಯುತ್ತಾರೆ ಅಂತ ಬರೆದಿದ್ದೀಯ, ಅವರ ತಲೆಯಲ್ಲಿ ಕೂದಲಿದೆಯೋ ಇಲ್ಲವೋ ಬರೆದಿಲ್ಲ. ಹೊಲಿಗೆಯವಳು ದಾರ ಕಡಿಯುತ್ತಾಳೆ, ಅವಳ ದನಿ ಹೇಗಿದೆ? ನಿನ್ನ ಗೆಳೆಯರಲ್ಲಿ ಒಬ್ಬರಿಗೂ ಕಣ್ಣಿಲ್ಲ, ಕೈಯಿಲ್ಲ, ಕಾಲಿಲ್ಲ. ಬರೀ ಬಾಯಿ.

ಬೇರೆ ಯಾರ ಕಣ್ಣಿಗಾದರೂ ಮಣ್ಣೆರಚಬಹುದಿತ್ತು. ದಾರ ಕಡಿದವರ ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚು ಬೀಳುತ್ತದೆ, ಪೈಪಿನವರಿಗೆ ಎಡಗಡೆ ಗುಂಡಗೆ ಸವೆಯುತ್ತದೆ, ಹಲ್ಲು ಕಡಿಯುವವರದು ಸಮತಟ್ಟಾಗುತ್ತದೆ. ನಿಮ್ಮಣ್ಣ ನಿನಗೆ ಹೇಳಿಕೊಟ್ಟಾಗ ಪಕ್ಕದಲ್ಲೇ ಕೂತು ಕೇಳಿದವಳು ನಾನು. ವಯಸ್ಸು ಮತ್ತು ಕಸುಬು ಡಾಕ್ಟರ ಚೀಟಿಯಲ್ಲಿ ಬರೆದಿರುತ್ತದೆ. ಕೆಲಸ ಮುಗಿದ ಅಚ್ಚುಗಳನ್ನು ಆರು ತಿಂಗಳು ಗೂಡಿನಲ್ಲಿಟ್ಟು ಆಮೇಲೆ ಎಸೆಯುತ್ತಾರೆ. ಅದಕ್ಕೇ ನಾಲ್ವರೂ ಒಂದೇ ವಾರ ಹೋದರು. ಅದಕ್ಕೇ ಸೋಮವಾರ ಕೆಲಸಕ್ಕೆ ಹೋದಾಗ ಇರಲಿಲ್ಲ. ಅವರು ಮನುಷ್ಯರಲ್ಲ ಕಣೇ, ಪ್ಲಾಸ್ಟರ್ ಅಚ್ಚುಗಳು. ಹೌದೋ ಅಲ್ಲವೋ?

ನನಗೆ ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಭಾನುವಾರ ನೀನು ಆ ಬೀಗ ಹಾಕಿದ ಕಟ್ಟಡದಲ್ಲಿ ನಾಲ್ಕು ಅಚ್ಚುಗಳನ್ನು ಮೇಜಿನ ಸುತ್ತ ಇಟ್ಟುಕೊಂಡು ಮಾತಾಡಿಸುತ್ತಾ ಕೂತದ್ದು ಕಣ್ಣಿಗೆ ಕಟ್ಟಿತು. ಖಾಲಿ ಅಂಗಡಿಯಲ್ಲಿ ನೆಲದ ಮೇಲೆ ಕೂತು ಅತ್ತೆ. ಒಂದು ಸಲ, ಒಂದೇ ಒಂದು ಸಲ ‘ಅತ್ತಿಗೆ, ಇಲ್ಲಿ ನಂಜೊತೆ ಯಾರೂ ಮಾತಾಡಲ್ಲ’ ಅಂತ ಬರೆದಿದ್ದರೆ ನಾನು ಅಂಗಡಿ ಬಿಡುವ ಆ ಪತ್ರ ಹರಿದು ಒಲೆಗೆ ಹಾಕುತ್ತಿದ್ದೆ.

ಈಗ ನನ್ನದು. ನನ್ನ ಬಲಗೈ ನಡುಗುತ್ತದೆ. ನೀನು ಹೋದ ಮೂರನೇ ತಿಂಗಳಿಗೆ ಶುರುವಾಯಿತು. ಬಸ್ಸಿನಲ್ಲಿ ಬರೆದದ್ದಲ್ಲ ಅದು, ಮೇಜಿನ ಮೇಲೇ, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಬರೆದದ್ದು. ಮೇಣದಲ್ಲಿ ಹಲ್ಲು ಕೂರಿಸಲಾಗುವುದಿಲ್ಲ, ಜಾರುತ್ತದೆ. ವಕೀಲರ ಹೆಂಡತಿಯ ಸೆಟ್ಟು ನಿಜಕ್ಕೂ ಸೊಟ್ಟಗಿತ್ತು, ಅವಳ ಅತ್ತೆಯ ಮಾತು ನಾನು ಕಟ್ಟಿದ್ದು. ಡಾಕ್ಟರು ಒಳ್ಳೆಯ ಮಾತಿನಲ್ಲೇ ಕೆಲಸ ನಿಲ್ಲಿಸಿದರು. ನಿನ್ನ ಮೇಜಿನ ಮೇಲೆ ಯಾವ ಚೀಲವನ್ನೂ ಇಟ್ಟಿರಲಿಲ್ಲ. ದಿನಾ ಒರೆಸುತ್ತಿದ್ದೆ.

ಬಾ ಅಂತ ಕರೆದರೆ ಅಷ್ಟು ಗೆಳೆಯರನ್ನು ಬಿಟ್ಟು ನನ್ನ ಕೈ ನೋಡಿ ಮರುಕಪಟ್ಟು ಬರುತ್ತೀಯ ಅಂತ ಕರೆಯಲಿಲ್ಲ. ನೀನು ಬೇಡ ಅನ್ನುತ್ತೀಯ ಅಂತ ಸೆಪ್ಟೆಂಬರ್ ತನಕ ಕಾದೆ. ಸಹಿ ಬಂತು.

ಮೂವತ್ತನೇ ತಾರೀಕು ಕೀಲಿ ಕೊಟ್ಟಾಯಿತು. ಈಗ ತವರಿನ ಹಿಂದಿನ ಕೋಣೆಯಲ್ಲಿದ್ದೇನೆ. ಇಲ್ಲಿ ನಾನೇ ನಾದಿನಿ. ಬಚ್ಚಲಿಗೆ ಹೋಗಲೂ ಎಲ್ಲರದು ಮುಗಿಯಲಿ ಅಂತ ಕಾಯುತ್ತೇನೆ. ನಿನ್ನನ್ನು ಕರೆಯಲು ಈಗ ನನ್ನ ಹತ್ತಿರ ಅಂಗಡಿಯಿಲ್ಲ, ಮನೆಯಿಲ್ಲ, ಗಟ್ಟಿ ಕೈಯೂ ಇಲ್ಲ. ಇದನ್ನೆಲ್ಲ ಮೊದಲೇ ಬರೆಯಬೇಕಿತ್ತು, ಬರೆಯಲಿಲ್ಲ. ನಾವಿಬ್ಬರೂ ಹೆಡ್ಡರು.

ಅತ್ತಿಗೆ


1 ನವೆಂಬರ್ 1992

ಅತ್ತಿಗೆ,

ಹೌದು.

ಬೇರೆ ಏನು ಬರೆಯಲಿ? ನಿಮ್ಮ ಕಾಗದ ಮೆಟ್ಟಿಲಲ್ಲೇ ಒಡೆದು ಓದಿದೆ. ಅಲ್ಲೇ ಕೂತೆ. ಮೂರನೇ ಮಹಡಿಯವಳು ನನ್ನನ್ನು ದಾಟಿಕೊಂಡು ಹೋದಳು. ಒಂದು ವರ್ಷದಿಂದ ನೋಡುತ್ತಿದ್ದಾಳೆ, ಅವತ್ತೂ ಮಾತಾಡಿಸಲಿಲ್ಲ. ಅವಳದು ತಪ್ಪಲ್ಲ, ನಾನೂ ಒಮ್ಮೆಯೂ ಮಾತಾಡಿಸಿಲ್ಲ.

ಬಂದ ಹೊಸತರಲ್ಲಿ ಪ್ರಯತ್ನಪಟ್ಟೆ. ಊಟದ ಹೊತ್ತಿನಲ್ಲಿ ಹನ್ನೊಂದು ಜನವೂ ಒಂದೇ ಕಡೆ ಕೂರುತ್ತಾರೆ. ಅವರ ಮಾತು ನನಗೆ ಅರ್ಧ ತಿಳಿಯುತ್ತದೆ. ನಾನು ವಾಕ್ಯ ಕೂಡಿಸಿ ಬಾಯಿ ತೆರೆಯುವಷ್ಟರಲ್ಲಿ ಅವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಅವರು ನಕ್ಕಾಗ ನಾನೂ ನಗುತ್ತಿದ್ದೆ. ಒಂದು ದಿನ ಪಾಲಿಶ್ ಮಾಡುವವನು ‘ನಿನಗೆ ಏನು ಅರ್ಥವಾಯಿತು?’ ಎಂದು ಕೇಳಿದ, ಕೆಟ್ಟ ಮನಸ್ಸಿನಿಂದಲ್ಲ. ಆಮೇಲೆ ನನ್ನ ಮೇಜಿನಲ್ಲೇ ಊಟ ಮಾಡತೊಡಗಿದೆ. ಮರೆಯ ಹಲಗೆ ಇದೆಯಲ್ಲ, ಯಾರಿಗೂ ಕಾಣುವುದಿಲ್ಲ.

ಭಾನುವಾರ ಬೀಗದ ಕೈ ಕೇಳಿ ಪಡೆಯುತ್ತಿದ್ದೆ. ಬಹಳ ಶ್ರಮಜೀವಿ ಅಂತ ಮೇಲಿನವನಿಗೆ ನನ್ನ ಮೇಲೆ ಗೌರವ. ಮೊದಲು ಬರೀ ಅಚ್ಚುಗಳನ್ನು ಒರೆಸುತ್ತಿದ್ದೆ. ಆಮೇಲೆ ಒಂದು ದಿನ ಮೇಷ್ಟರಿಗೆ ‘ಸ್ವಲ್ಪ ಸರೀರಿ’ ಅಂದೆ, ಕನ್ನಡದಲ್ಲಿ. ಅಷ್ಟು ದಿನದ ಮೇಲೆ ನನ್ನ ಬಾಯಿಂದ ಬಂದ ಮೊದಲ ಕನ್ನಡದ ಮಾತು. ನನ್ನ ದನಿ ನನಗೇ ಕೇಳಿ ಎಷ್ಟು ಸಂತೋಷವಾಯಿತು ಗೊತ್ತೇ? ಜನ ಬೇಕು ಅಂತ ನಿಮ್ಮೆದುರು ಜಂಬ ಕೊಚ್ಚಿಕೊಂಡು ಬಂದವಳು, ಇಲ್ಲಿ ಒಬ್ಬರೂ ಸಿಗಲಿಲ್ಲ ಅಂತ ಯಾವ ಮುಖ ಹೊತ್ತು ಬರೆಯಲಿ? ಹಾಗಾಗಿ ಇದ್ದವರನ್ನೇ ಬರೆದೆ.

ನೀವು ಪತ್ರ ಕಳಿಸಿದಾಗ ಎರಡು ತಿಂಗಳು ಸಹಿ ಹಾಕದೆ ಇಟ್ಟುಕೊಂಡಿದ್ದೆ, ‘ಹಾಕಬೇಡ ಬಾ’ ಅಂತ ಇನ್ನೊಂದು ಕಾಗದ ಬಂದೀತು ಅಂತ. ಬರಲಿಲ್ಲ. ಹಟ ಬಂತು. ನನ್ನ ಹಟಕ್ಕೆ ನಿಮ್ಮ ಮನೆ ಹೋಯಿತು. ನಿಮ್ಮ ಕೈ ನಡುಗುವ ಅಕ್ಷರ ನೋಡಿಯೂ ಅಣಕಿಸಿದೆ.

ಕೊನೆಗೆ ಒಂದು ಕೇಳುತ್ತೇನೆ. ಇಲ್ಲಿನ ಕೆಲಸದ ಕರಾರು ಮಾರ್ಚ್ ಹದಿನಾಲ್ಕಕ್ಕೆ ಮುಗಿಯುತ್ತದೆ, ಅದಕ್ಕೆ ಮೊದಲು ಇವರು ಬಿಡುವುದಿಲ್ಲ. ನನ್ನ ಕೈ ಗಟ್ಟಿಯಾಗಿದೆ, ನಿಮ್ಮ ಕಣ್ಣು ಚೆನ್ನಾಗಿದೆ. ಒಂದು ಮೇಜು, ಒಂದು ದೀಪ ಇಡುವಷ್ಟು ಜಾಗ ಸಿಕ್ಕಿದರೆ ಸಾಕು. ಸಿಗದಿದ್ದರೂ ಸರಿ. ಅಣ್ಣನ ಸಲುವಾಗಿ ಅಲ್ಲ, ನಿಮ್ಮ ಕೈ ನೋಡಿ ಪಾಪ ಅಂತಲೂ ಅಲ್ಲ. ಅತ್ತಿಗೆ, ನನಗೆ ಇಲ್ಲಿ ಇರಲಾಗುತ್ತಿಲ್ಲ. ನಿಮ್ಮ ಹತ್ತಿರ ಬರಲಾ?

ಪಟಾಕಿ


6 ಡಿಸೆಂಬರ್ 1992

ಪಟಾಕಿ,

ಬಾ.

ನಿನ್ನ ಕಾಗದ ಬಂದ ದಿನ ಊಟಕ್ಕೆ ಕೂತಾಗ ನನ್ನ ಅಣ್ಣನ ಹೆಂಡತಿಗೆ ‘ನನ್ನ ನಾದಿನಿ ಬರ್ತಿದಾಳೆ’ ಅಂದೆ. ‘ಓಹೋ, ಎಷ್ಟು ದಿನ ಇರ್ತಾರೆ?’ ಅಂದಳು. ‘ದಿನ ಎಣಿಸಿಕೊಂಡು ಬರ್ತಿಲ್ಲ, ಇರೋಕೇ ಬರ್ತಿದಾಳೆ’ ಅಂದೆ. ಅವಳು ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು ಸ್ವಲ್ಪ ಜೋರಾಯಿತು. ಅವಳನ್ನು ದೂರುವುದಿಲ್ಲ, ಅವಳ ಮನೆ ಅದು. ಮರುದಿನವೇ ಕೋಣೆ ಹುಡುಕಲು ಹೊರಟೆ.

ಸಿಕ್ಕಿದೆ. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಗೆ ಒಂದು ಚಿಕ್ಕ ಜಾಗ. ಉತ್ತರಕ್ಕೆ ಕಿಟಕಿ, ಮೇಜು ಅಲ್ಲೇ ಹಾಕಬಹುದು, ಹಲ್ಲಿನ ಬಣ್ಣ ನೋಡಲು ಆ ಬೆಳಕು ಚೆನ್ನ. ನಾನು ಈ ಕೋಣೆಗೆ ಬಂದು ಎಂಟು ದಿನವಾಯಿತು. ಡಾಕ್ಟರ ಹತ್ತಿರವೂ ಹೋಗಿದ್ದೆ. ‘ಅವರು ಬರಲಿ, ನೋಡೋಣ’ ಅಂದರು. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಮನೆಯ ಯಜಮಾನರು ಕೆಳಗೇ ಇರುತ್ತಾರೆ, ನಿವೃತ್ತ ಪೋಸ್ಟ್‌ಮಾಸ್ಟರು. ಬೋಳುತಲೆ, ಕೀರಲು ದನಿ, ಎಡಗಾಲು ಸ್ವಲ್ಪ ಎಳೆಯುತ್ತಾರೆ. ಹಲ್ಲು ಹೇಗಿವೆ ಅಂತ ನಾನು ನೋಡಿಲ್ಲ, ಬೇಕೆಂದೇ ನೋಡಿಲ್ಲ. ಒಂಟಿ ಹೆಂಗಸಿಗೆ ಕೋಣೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ‘ಮನೇಲಿ ಯಾರ್ಯಾರಿರ್ತೀರಿ?’ ಅಂತ ಕೇಳಿದರು. ಮಾರ್ಚ್ ತನಕ ಒಬ್ಬಳೇ ಅಂದರೆ ಕೊಡುತ್ತಾರೋ ಇಲ್ಲವೋ. ‘ಇಬ್ರು’ ಅಂದೆ. ‘ಇನ್ನೊಬ್ರು ಎಲ್ಲಿ?’ ಅಂದರು. ‘ಕೆಲಸಕ್ಕೆ ಹೋಗಿದಾಳೆ’ ಅಂದೆ. ಸುಳ್ಳೇನಲ್ಲವಲ್ಲ.

ಅವರು ಎಂಟಕ್ಕೆಲ್ಲ ಬಾಗಿಲು ಹಾಕಿ ಮಲಗುತ್ತಾರೆ. ನೀನು ಅದಾದಮೇಲೆ ಬಂದು ಅವರು ಏಳುವ ಮೊದಲೇ ಹೋಗುತ್ತೀಯ ಅಂದುಕೊಂಡಿದ್ದಾರೆ. ನನಗೂ ಆ ಮಾತು ರೂಢಿಯಾಗುತ್ತಿದೆ. ಮೊನ್ನೆ ಕೇಳಿದಾಗ ‘ಅವಳಿಗೆ ಬಸ್ ಸಿಗಲ್ಲ’ ಅಂದೆ. ಹಾಗೆಂದು ಮೇಲೆ ಬಂದೆ, ಬಹಳ ಹೊತ್ತು ದೀಪ ಹಾಕಲಿಲ್ಲ.

ನಿನ್ನೆ ಸಂಜೆ ಮೆಟ್ಟಿಲ ಕೆಳಗೆ ನಿಂತು ಮತ್ತೆ ಕೇಳಿದರು, ‘ನಿಮ್ಮ ನಾದಿನಿ ಇನ್ನೂ ಬಂದಿಲ್ವಾ ತಾಯಿ?’ ‘ಇವತ್ತೂ ಸ್ವಲ್ಪ ತಡ ಆಗುತ್ತೆ’ ಅಂದೆ. ಅವರು ಗೇಟಿಗೆ ಬೀಗ ಹಾಕದೆ ಹಾಗೇ ಬಿಟ್ಟು ಒಳಗೆ ಹೋದರು.

ಅತ್ತಿಗೆ